ಕಂಡಿಕೆಯ ಮೇಲಿನ ವಿಚಾರಣೆ

ಮೂತ್ರ ತಡೆದುಕೊಳ್ಳುವುದು ಚಾರಿತ್ರ್ಯಕ್ಕೆ ಸಂಬಂಧಿಸಿದ ವಿಷಯ ಎಂದು ನಂಬಿದ್ದ ಮನುಷ್ಯನ ಮನೆಗೆ, ಮೈಯಿಂದ ತಾಯಿಹಾಲಿನ ವಾಸನೆಯೂ ಆರದ ನಾಯಿಮರಿಯೊಂದು ಬಂತು. ಅದೂ ಬೊಗಸೆಯಲ್ಲಿ ಹಿಡಿದರೆ ಬೆರಳ ಸಂದಿಯಿಂದ ಜಾರಿಹೋದೀತು ಎನ್ನುವಷ್ಟು ಪುಟ್ಟ ಜಾತಿಯದು.

ಬೀದಿಯವರೆಲ್ಲ ಆ ಮನುಷ್ಯನನ್ನು ಟೈಮ್‌ಕೀಪರ್ ಎಂದೇ ಕರೆಯುತ್ತಿದ್ದರು. ನೂಲಿನ ಗಿರಣಿ ಮುಚ್ಚಿ, ಅದರ ಚಿಮಣಿಯಲ್ಲಿ ಪಾರಿವಾಳಗಳು ಸಂಸಾರ ಹೂಡಿ ಎಷ್ಟೋ ಕಾಲವಾಗಿತ್ತು. ಹುದ್ದೆ ಹೋದರೂ ಹೆಸರು ನಿವೃತ್ತಿ ತೆಗೆದುಕೊಂಡಿರಲಿಲ್ಲ. ಗಿರಣಿಯಲ್ಲಿ ಅವರ ಕೆಲಸವೆಂದರೆ ನೂಲು ಸುತ್ತುವ ವಿಭಾಗದ ಬಾಗಿಲಲ್ಲಿ ಎತ್ತರದ ಕುರ್ಚಿಯ ಮೇಲೆ ಕೂರುವುದು. ಬೆನ್ನ ಹಿಂದೆ ಒಂದು ಹಲಗೆ, ಹಲಗೆಯ ಮೇಲೆ ಮೊಳೆಗಳು, ಮೊಳೆಗೊಂದು ಹಿತ್ತಾಳೆಯ ಬಿಲ್ಲೆ. ಶೌಚಾಲಯಕ್ಕೆ ಹೋಗಬೇಕಾದವರು ಬಿಲ್ಲೆ ತೆಗೆದುಕೊಂಡು ಹೋಗಬೇಕು, ಬಂದು ಅದನ್ನು ಮೊಳೆಗೆ ಸಿಕ್ಕಿಸಬೇಕು. ಮೊಳೆಗಳು ಖಾಲಿ ಇದ್ದರೆ ಕಾಯಬೇಕು. ಯಾರಾದರೂ ಕಾಲು ಕೂಡಿಸಿಕೊಂಡು ಎದುರಿಗೆ ಬಂದು ನಿಂತರೆ ಟೈಮ್‌ಕೀಪರರು ಮೊದಲು ಗಡಿಯಾರ ನೋಡುತ್ತಿದ್ದರು, ಆಮೇಲೆ ಮುಖ ನೋಡುತ್ತಿದ್ದರು, ಮತ್ತೆ ಗಡಿಯಾರ ನೋಡಿ, "ಹೋದವರು ಬರಲಿ" ಎನ್ನುತ್ತಿದ್ದರು. ಒಬ್ಬ ನ್ಯಾಯಾಧೀಶನಿಗೂ ತೀರ್ಪು ಹೇಳುವಾಗ ಅಷ್ಟು ತೃಪ್ತಿ ಸಿಗುವುದು ಅನುಮಾನ.

ತಾವು ಮಾತ್ರ ಶಿಫ್ಟ್ ಮುಗಿಯುವವರೆಗೆ ಕುರ್ಚಿ ಬಿಟ್ಟು ಎದ್ದವರಲ್ಲ. ಬೇರೆಯವರು ಸೈನ್ಯದಲ್ಲಿ ಗೆದ್ದ ಪದಕದ ಬಗ್ಗೆ ಹೇಳಿಕೊಳ್ಳುವ ಹಾಗೆ ಅವರು ಇದನ್ನು ಹೇಳಿಕೊಳ್ಳುತ್ತಿದ್ದರು. ಬಸ್ಸಿನಲ್ಲಿ ಪಕ್ಕ ಕೂತವರಿಗೆ, ಕ್ಷೌರದಂಗಡಿಯಲ್ಲಿ ಸರದಿ ಕಾಯುವವರಿಗೆ, ಒಮ್ಮೆ ಮಗಳ ಮದುವೆಗೆ ಬಂದಿದ್ದ ಬೀಗರಿಗೂ ಹೇಳಿದ್ದರು. "ಇದು ಹೊಟ್ಟೆಯ ಕೆಳಗಿನ ಪ್ರಶ್ನೆ ಅಲ್ಲ ಸ್ವಾಮಿ. ತಲೆಯೊಳಗಿನ ಪ್ರಶ್ನೆ."

ಅವರ ಹೆಂಡತಿ ಅದೇ ವಿಭಾಗದಲ್ಲಿ ನೂಲು ಸುತ್ತುತ್ತಿದ್ದವರು. ಮದುವೆಗೆ ಮುಂಚೆ ಇಬ್ಬರ ನಡುವೆ ನಡೆದ ಮಾತನ್ನೆಲ್ಲ ಒಟ್ಟುಗೂಡಿಸಿದರೂ "ಬಿಲ್ಲೆ ಇದೆಯಾ?", "ಹೋದವರು ಬರಲಿ" ಎಂಬ ಎರಡೇ ವಾಕ್ಯ. ಅಷ್ಟರ ಮೇಲೂ ಆಕೆ ಒಪ್ಪಿದ್ದು ಗಿರಣಿಯವರಿಗೆಲ್ಲ ಸೋಜಿಗ. ಮದುವೆಯ ನಂತರವೂ ಆಕೆಗೆ ವಿಶೇಷ ರಿಯಾಯಿತಿ ಸಿಗಲಿಲ್ಲ. "ಹೆಂಡತಿ ಅಂತ ಒಂದು ದಿನವೂ ಮೊದಲು ಕಳಿಸಿದವನಲ್ಲ ನಾನು" ಎಂದು ಟೈಮ್‌ಕೀಪರರು ಹೇಳುವಾಗ ಆಕೆ ಪಕ್ಕದಲ್ಲಿದ್ದರೆ, "ಹೌದಪ್ಪ, ಹರಿಶ್ಚಂದ್ರನ ತಮ್ಮ" ಎಂದು ಹೇಳಿ ಎದ್ದು ಹೋಗುತ್ತಿದ್ದರು.

ಆಕೆ ಮಾತುಗಾರ್ತಿ. ಯಂತ್ರಗಳ ಸದ್ದನ್ನು ಮೀರಿಸಿ ಮಾತಾಡಿ ಮಾತಾಡಿ ಬೆಳೆದ ಗಂಟಲು. ತರಕಾರಿಯವನ ಜೊತೆ ಚೌಕಾಶಿಗೆ ಇಳಿದರೆ ಎದುರು ಮನೆಯವರು ಕಿಟಕಿ ಮುಚ್ಚಿಕೊಳ್ಳಬೇಕು. ಹಾಗಿದ್ದವರು ಹೊಟ್ಟೆಯ ದೊಡ್ಡ ಆಪರೇಷನ್ ಮುಗಿಸಿ ಆಸ್ಪತ್ರೆಯಿಂದ ಬಂದಮೇಲೆ ಸುಮ್ಮನಾಗಿಬಿಟ್ಟರು. ಗಾಯ ಮಾಯಿತು, ಹೊಲಿಗೆ ಬಿಚ್ಚಿದರು, ಮಾತು ಮಾತ್ರ ವಾಪಸ್ ಬರಲಿಲ್ಲ. ಕಿಟಕಿಯ ಪಕ್ಕ ದಿಂಬು ಹಾಕಿದ ಕುರ್ಚಿಯಲ್ಲಿ ಕೂತರೆ ಕೂತರು. ಏನು ಬೇಕು ಎಂದರೆ ಏನೂ ಬೇಡ. ಹೊರಗೆ ಹೋಗೋಣ್ವಾ ಎಂದರೆ ಬೇಡ. ಅಕ್ಕಪಕ್ಕದವರು ಕರೆದರೂ ಬೇಡ. ಟೈಮ್‌ಕೀಪರರು ಇದನ್ನು ನಿಶ್ಶಕ್ತಿ ಎಂದು ತೀರ್ಮಾನಿಸಿ ಟಾನಿಕ್ ತಂದುಕೊಟ್ಟರು. ಮನೆಯೊಳಗಿನ ಆ ಮೌನದಲ್ಲಿ ಗೋಡೆ ಗಡಿಯಾರದ ಸದ್ದು ಜೋರಾಗಿ ಕೇಳತೊಡಗಿತು. ಜೀವನವಿಡೀ ಗಡಿಯಾರ ಕೇಳಿಸಿಕೊಂಡೇ ಬದುಕಿದ್ದ ಅವರಿಗೆ ಮೊದಲ ಸಲ ಅದು ಸಹಿಸಲು ಆಗದ ಸದ್ದಾಯಿತು. ಒಂದು ಮಧ್ಯಾಹ್ನ ಕುರ್ಚಿ ಹತ್ತಿ ಅದರ ಸೆಲ್ ತೆಗೆದರು. ಕೇಳಿದರೆ ಸೆಲ್ ಹಳೆಯದಾಗಿತ್ತು ಎಂದು ಹೇಳೋಣವೆಂದು ಉತ್ತರ ಸಿದ್ಧ ಮಾಡಿಟ್ಟುಕೊಂಡರು. ಆಕೆ ಕೇಳಲಿಲ್ಲ.

ಆಗ ಮಗಳು ಮರಿಯನ್ನು ತಂದಳು. ಅವಳು ಅದೇ ಊರಿನಲ್ಲಿ ಹೆಂಗಸರ ಕೂದಲು ಕತ್ತರಿಸುವ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅಲ್ಲಿಗೆ ಬರುತ್ತಿದ್ದ ಕನ್ನಡಕದ ಅಂಗಡಿಯಾಕೆಯ ನಾಯಿ ಮರಿ ಹಾಕಿತ್ತು. ಮಗಳು ಟವೆಲ್ಲಿನಲ್ಲಿ ಸುತ್ತಿಕೊಂಡು ಬಂದದ್ದನ್ನು ತಾಯಿಯ ಮಡಿಲಲ್ಲಿ ಬಿಚ್ಚಿದಳು.

"ಇದೇನೇ ಇದು, ಇಲಿನಾ?" ಎಂದರು ಟೈಮ್‌ಕೀಪರರು.

"ನಾಯಿ ಅಪ್ಪ. ಬೆಳೆದಮೇಲೂ ಬೆಕ್ಕಿನಷ್ಟೇ ಇರತ್ತೆ."

"ಬೆಕ್ಕಿನಷ್ಟಿರೋದಕ್ಕೆ ನಾಯಿ ಯಾಕೆ ಆಗಬೇಕಿತ್ತು? ವಾಪಸ್ ತಗೊಂಡು ಹೋಗು. ಎರಡು ಕೋಣೆ ಮನೆ, ಮೇಲಿನ ಮಹಡಿ, ಅಂಗಳ ಇಲ್ಲ. ಇದು ಎಲ್ಲಿ ಹೋಗತ್ತೆ?"

ಎಲ್ಲಿ ಹೋಗುತ್ತದೆ ಎಂಬುದನ್ನು ಮರಿ ಅಲ್ಲಿಯೇ, ಮಡಿಲಿನಲ್ಲೇ ತೋರಿಸಿತು. ಟೈಮ್‌ಕೀಪರರು ಬಾಯಿ ತೆರೆದರು. ಅಷ್ಟರಲ್ಲಿ ಹೆಂಡತಿ ನಕ್ಕರು. ಆಪರೇಷನ್ ಆದಮೇಲಿನ ಮೊದಲ ನಗು. "ಅಯ್ಯೋ ನಿನ್ನ! ಬಂದು ಕೂತಿಲ್ಲ, ಆಗಲೇ ಸಹಿ ಹಾಕ್ಬಿಟ್ಯಲ್ಲೇ!" ಎಂದು ಮರಿಯನ್ನು ಎತ್ತಿ ಮುಖದ ಹತ್ತಿರ ಹಿಡಿದುಕೊಂಡರು. ನೂಲು ಸುತ್ತಿದ ಕಂಡಿಕೆಯ ಹಾಗೆ ನಡು ದಪ್ಪ, ಎರಡು ತುದಿ ಸಣ್ಣ. "ಕಂಡಿಕೆ" ಎಂದು ಆಕೆ ಕರೆದರು. ಅದೇ ಹೆಸರಾಯಿತು.

ನಕ್ಕ ಹೆಂಡತಿಯನ್ನು ನೋಡಿದಮೇಲೆ ವಾಪಸ್ ಕಳಿಸು ಎನ್ನಲು ಟೈಮ್‌ಕೀಪರರಿಗೂ ನಾಲಿಗೆ ಏಳಲಿಲ್ಲ. ಆದರೆ ಷರತ್ತಿಲ್ಲದೆ ಒಪ್ಪಿಕೊಂಡರೆ ಮರ್ಯಾದೆ ಏನಾಗಬೇಕು? ಗಂಟಲು ಸರಿಮಾಡಿಕೊಂಡರು. "ಸರಿ. ಪ್ರೊಬೇಷನ್ ಮೇಲೆ ಇರಲಿ. ಇದರ ಎರಡನೇ ಚುಚ್ಚುಮದ್ದಿನ ಹೊತ್ತಿಗೆ ನೆಲ ಒಣಗಿರಬೇಕು. ಒಣಗಿದ್ದರೆ ಕಾಯಂ. ಇಲ್ಲದಿದ್ದರೆ ಬಂದ ಮನೆಗೆ ವಾಪಸ್."

"ಒಣಗಿರತ್ತೆ. ನೋಡ್ತಾ ಇರಿ" ಎಂದರು ಹೆಂಡತಿ. ಆ ದಿನ ರಾತ್ರಿಯ ಊಟಕ್ಕೆ ಕೂತಾಗ ಆಕೆ ತಾವಾಗಿಯೇ ಎದುರು ಮನೆಯವರ ಸೊಸೆಯ ಸುದ್ದಿ ಎತ್ತಿದರು. ಟೈಮ್‌ಕೀಪರರು ಎದುರು ಮನೆಯ ಸೊಸೆಯ ಬಗ್ಗೆ ಅಷ್ಟು ಆಸಕ್ತಿಯಿಂದ ಕೇಳಿಸಿಕೊಂಡದ್ದು ಅದೇ ಮೊದಲು.

ಪ್ರಾಣಿವೈದ್ಯೆ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮೇಜಿನ ಮೇಲೆ ಮರಿಯನ್ನು ನಿಲ್ಲಿಸಿಕೊಂಡು ಹೇಳಿದಳು: "ಚುಚ್ಚುಮದ್ದು ಪೂರ್ತಿ ಆಗೋವರೆಗೂ ಬೀದಿಗೆ ಇಳಿಸಬೇಡಿ. ಮನೆಯೊಳಗೇ ಒಂದು ಮೂಲೆಯಲ್ಲಿ ಪೇಪರ್ ಹಾಸಿ. ನಿದ್ದೆಯಿಂದ ಎದ್ದ ತಕ್ಷಣ, ತಿಂದ ತಕ್ಷಣ, ಆಟ ಆಡಿದ ತಕ್ಷಣ ಅಲ್ಲಿಗೆ ಎತ್ತಿಕೊಂಡು ಹೋಗಿ. ಮಾಡಿದರೆ ಮುದ್ದು ಮಾಡಿ. ತಪ್ಪಿದರೆ ಸುಮ್ಮನೆ ಒರೆಸಿ, ಬೈಬೇಡಿ. ಇದರ ಮೂತ್ರಕೋಶ ಒಂದು ದ್ರಾಕ್ಷಿಯಷ್ಟಿರತ್ತೆ ಸರ್, ತಡಿಯೋ ಅಂದ್ರೂ ತಡಿಯೋಕಾಗಲ್ಲ. ಮತ್ತೆ, ಹೊಟ್ಟೆ ಖಾಲಿ ಬಿಡಬೇಡಿ. ಇಷ್ಟು ಸಣ್ಣವಕ್ಕೆ ಆಗಾಗ ತಿನ್ನಿಸ್ತಾ ಇರಬೇಕು."

"ಈ ವಿಷಯದಲ್ಲಿ ನನಗೆ ಅನುಭವ ಇದೆಯಮ್ಮ" ಎಂದರು ಟೈಮ್‌ಕೀಪರರು. "ಒಂದು ಇಡೀ ವಿಭಾಗವನ್ನ ನೋಡಿಕೊಂಡವನು."

"ನಾಯಿಗಳ ವಿಭಾಗಾನಾ ಸರ್?"

ಹೆಂಡತಿ ಮುಖ ಆ ಕಡೆ ತಿರುಗಿಸಿ ಕೆಮ್ಮಿದರು.

ತರಬೇತಿ ಶುರುವಾಯಿತು. ಅಡುಗೆಮನೆಯ ಹೊರಗಿನ ಮೂಲೆಯಲ್ಲಿ ಹಳೆಯ ಪತ್ರಿಕೆಗಳನ್ನು ಹಾಸಿದ್ದಾಯಿತು. ಸಂಪಾದಕೀಯದ ಪುಟ ಕೆಳಮುಖವಾಗಿರಬೇಕು ಎಂಬುದು ಟೈಮ್‌ಕೀಪರರ ಆದೇಶ. ಮರಿ ನಿದ್ದೆಯಿಂದ ಏಳುತ್ತಲೂ ಅದನ್ನು ಕಾಗದದ ಮೇಲೆ ಇಟ್ಟು, ಕೈ ಹಿಂದೆ ಕಟ್ಟಿಕೊಂಡು ಎದುರಿಗೆ ನಿಲ್ಲುತ್ತಿದ್ದರು. ಹಾಗೆ ನಿಂತರೆ ಗಿರಣಿಯ ಗಂಡಸರಿಗೇ ಬಂದದ್ದು ವಾಪಸ್ ಹೋಗುತ್ತಿತ್ತು, ಮರಿಯ ಪಾಡೇನು? ಅದು ಅವರ ಮುಖ ನೋಡುತ್ತ ಬಾಲ ಆಡಿಸುತ್ತಿತ್ತು, ಕಾಗದದ ಅಂಚು ಕಚ್ಚುತ್ತಿತ್ತು. ಅವರು ಬೇಸತ್ತು ಬೆನ್ನು ತಿರುಗಿಸಿದೊಡನೆ ಕಾಗದದಿಂದ ಒಂದು ಗೇಣು ಆಚೆ ಕೆಲಸ ಮುಗಿಸುತ್ತಿತ್ತು.

"ನೀವು ಈಚೆ ಬನ್ನಿ ರೀ. ಯಾರಾದ್ರೂ ಹಾಗೆ ದುರುಗುಟ್ಟಿ ನೋಡ್ತಾ ಇದ್ರೆ ನನಗೂ ಬರಲ್ಲ" ಎಂದರು ಹೆಂಡತಿ. ಆಕೆ ನೆಲದ ಮೇಲೆಯೇ ಕೂತು, ಮರಿಯ ಪಕ್ಕ ಬೆರಳಿಟ್ಟು, "ಎಲ್ಲಿ ನನ್ನ ರಾಣಿ, ಎಲ್ಲಿ ನನ್ನ ಕಂಡಿಕೆ, ಒಂದು ಹನಿ, ಒಂದೇ ಒಂದು ಹನಿ" ಎಂದು ರಾಗ ಎಳೆಯುತ್ತಿದ್ದರು. ಹನಿ ಬಿದ್ದೊಡನೆ ಚಪ್ಪಾಳೆ. ಕೆಲವು ದಿನ ಕಳೆಯುವಷ್ಟರಲ್ಲಿ ಮರಿ ತಾನಾಗಿಯೇ ಕುಪ್ಪಳಿಸಿಕೊಂಡು ಕಾಗದದ ಕಡೆ ಓಡತೊಡಗಿತು.

ಓಡಿದ್ದು ತಪ್ಪಾಗಲಿಲ್ಲ, ಕಾಗದಗಳ ನಡುವೆ ಭೇದ ಮಾಡದೆ ಓಡಿದ್ದು ತಪ್ಪಾಯಿತು. ಒಂದು ಬೆಳಿಗ್ಗೆ ಟೈಮ್‌ಕೀಪರರು ಆ ದಿನದ ಪತ್ರಿಕೆಯನ್ನು ನೆಲಕ್ಕೆ ಹರಡಿಕೊಂಡು ಬಗ್ಗಿ ಓದುತ್ತಿದ್ದಾಗ ಮರಿ ಬಂತು, ಕಾಗದ ಕಂಡಿತು, ಕಲಿತ ಪಾಠ ನೆನಪಾಯಿತು. ದೇಶದ ಹಣಕಾಸಿನ ಸ್ಥಿತಿಯ ಮೇಲೆ ಕೂತು ಕರ್ತವ್ಯ ಮುಗಿಸಿ, ಶಾಭಾಸ್‌ಗಿರಿಗಾಗಿ ಅವರ ಮುಖ ನೋಡಿತು.

"ನೋಡಿದೆಯಾ! ಬೇಕಂತಲೇ! ನನ್ನ ಎದುರಿಗೇ!"

ಹೆಂಡತಿ ಸೋಫಾದ ಕೈ ಹಿಡಿದುಕೊಂಡು ನಕ್ಕರು. ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. "ನೀವೇ ಹೇಳಿದ್ದಲ್ವಾ ಪೇಪರ್ ಮೇಲೆ ಮಾಡ್ಬೇಕು ಅಂತ? ಇವತ್ತಿನದು ನಿನ್ನೆಯದು ಅಂತ ಅದಕ್ಕೆ..." ಎನ್ನುತ್ತಿದ್ದವರು ಮಾತನ್ನು ಅರ್ಧಕ್ಕೆ ನಿಲ್ಲಿಸಿದರು. ನಗುವೂ ಕತ್ತರಿಸಿದ ಹಾಗೆ ನಿಂತಿತು. ಮೈ ಸೆಟೆಸಿಕೊಂಡು ಅಲ್ಲಿಯೇ ನಿಂತುಬಿಟ್ಟರು.

"ಏನಾಯ್ತು? ಹೊಲಿಗೆ ಎಳೀತಾ?"

"ಹೂಂ" ಎಂದು ಆಕೆ ಗೋಡೆ ಹಿಡಿದು ಬಚ್ಚಲಿಗೆ ಹೋದರು. ಆಕೆ ಜೋರಾಗಿ ನಕ್ಕಾಗಲೆಲ್ಲ ಹೀಗೆ ಆಗುತ್ತಿತ್ತು. ಟೈಮ್‌ಕೀಪರರು ಅದಕ್ಕೂ ಟಾನಿಕ್ಕನ್ನೇ ಸೂಚಿಸಿದರು.

ಮರಿ ಹೀಗೆ ದಾರಿಗೆ ಬರುತ್ತಿರುವಾಗಲೇ ವಿಚಿತ್ರವೊಂದು ಶುರುವಾಯಿತು. ಕಾಗದದ ಮೇಲೂ ಸರಿಯಾಗಿ ಆಗುತ್ತಿತ್ತು, ಮನೆಯ ಬೇರೆ ಕಡೆಯೂ ಒದ್ದೆ ಕಾಣುತ್ತಿತ್ತು. ಕಿಟಕಿ ಪಕ್ಕದ ಕುರ್ಚಿಯ ದಿಂಬು ಒಂದು ದಿನ. ಅಡುಗೆಮನೆಯ ಹೊಸ್ತಿಲ ಬಳಿ ಇನ್ನೊಂದು ದಿನ. ಟೈಮ್‌ಕೀಪರರು ನೋಡುವಷ್ಟರಲ್ಲಿ ಹೆಂಡತಿ ಬಟ್ಟೆ ಹಿಡಿದು ಒರೆಸುತ್ತಿರುತ್ತಿದ್ದರು.

"ಮತ್ತೆ ಮಾಡಿತಾ?"

"ಚಿಕ್ಕದು ರೀ. ನಾನು ಒರೆಸ್ತೀನಿ, ನೀವು ಹೋಗಿ."

"ಚಿಕ್ಕದು ಚಿಕ್ಕದು ಅಂತ ತಲೆ ಮೇಲೆ ಕೂರಿಸ್ಕೊಂಡ್ರೆ ಹೀಗೇ ಆಗೋದು. ಪೇಪರ್ ಮೇಲೆ ಮಾಡೋದು ನಮ್ಮ ಕಣ್ಣಿಗೆ ಮಣ್ಣೆರಚೋಕೆ. ಇಂಥವರನ್ನ ನಾನು ಗಿರಣಿಯಲ್ಲಿ ಬೇಕಾದಷ್ಟು ನೋಡಿದೀನಿ."

ಅವರು ಮರಿಯನ್ನು ಕುತ್ತಿಗೆಯ ಚರ್ಮ ಹಿಡಿದು ಎತ್ತಿ, ಒದ್ದೆಯಿದ್ದ ಜಾಗಕ್ಕೆ ಅದರ ಮೂಗು ತಾಗಿಸಿ, "ಇದೇನು? ಇದೇನಿದು?" ಎಂದು ಗದರಿದರು. ಆಮೇಲೆ ಬಚ್ಚಲಲ್ಲಿ ಹಾಕಿ ಬಾಗಿಲು ಮುಚ್ಚಿದರು. ಹೆಂಡತಿ ಒದ್ದೆ ಬಟ್ಟೆಯನ್ನು ಕೈಯಲ್ಲಿ ಹಿಂಡುತ್ತಲೇ ನಿಂತಿದ್ದರು. ಬಾಗಿಲ ಆಚೆ ಮರಿ ಕುಂಯ್‌ಗುಟ್ಟುತ್ತಿದ್ದಷ್ಟು ಹೊತ್ತೂ ಆಕೆ ಅಲ್ಲಿಂದ ಕದಲಲಿಲ್ಲ, ಬಾಗಿಲನ್ನು ತೆರೆಯಲೂ ಇಲ್ಲ.

ಗದರಿಕೆಯಿಂದ ಮರಿ ಕಲಿತದ್ದು ಒಂದೇ: ಟೈಮ್‌ಕೀಪರರ ಚಪ್ಪಲಿಯ ಸದ್ದು ಕೇಳಿದರೆ ಹೆದರಬೇಕು. ಅವರು ಕೋಣೆಗೆ ಕಾಲಿಟ್ಟರೆ ಹೊಟ್ಟೆ ನೆಲಕ್ಕೆ ತಾಗುವಂತೆ ಕುಸಿದು, ನಿಂತಲ್ಲೇ ಒದ್ದೆ ಮಾಡತೊಡಗಿತು. ಇದು ಅವರಿಗೆ ಸಾಕ್ಷಿಯಾಗಿ ಒದಗಿತು. ಒಳಗೆ ಹೋದದ್ದು ತಾನೇ ಹೊರಗೆ ಬರಬೇಕು ಎಂಬ ತರ್ಕದಿಂದ ನೀರಿನ ಬಟ್ಟಲನ್ನು ಎತ್ತಿಟ್ಟರು. ಹಾಲು ಅರ್ಧ ಮಾಡಿದರು. ಆ ದಿನಗಳಲ್ಲಿ ಹೆಂಡತಿಯೂ ಬೆಳಗಿನ ಚಹಾ ಬಿಟ್ಟದ್ದನ್ನು, ಊಟದ ಜೊತೆ ಗುಟುಕು ನೀರೂ ಕುಡಿಯದಿದ್ದದ್ದನ್ನು ಅವರು ಗಮನಿಸಿದರು. ಮನೆಯಲ್ಲಿ ಒಬ್ಬರಿಗಾದರೂ ಸಂಯಮವಿದೆಯಲ್ಲ ಎಂದು ಮೆಚ್ಚಿಕೊಂಡರು.

ಒಂದು ಮಧ್ಯಾಹ್ನ "ರೀ!" ಎಂಬ ಕೂಗು ಕೇಳಿ ಓಡಿಬಂದರೆ, ಮರಿ ಹೆಂಡತಿಯ ಅಂಗೈಯಲ್ಲಿ ಹಿಂಡಿದ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ತಲೆ ನಿಲ್ಲುತ್ತಿರಲಿಲ್ಲ. ಟೈಮ್‌ಕೀಪರರು ಅದನ್ನು ಅಂಗಿಯೊಳಗೆ ಎದೆಗವಚಿಕೊಂಡು, ಚಪ್ಪಲಿ ಕೂಡ ಮೆಟ್ಟದೆ ಪ್ರಾಣಿವೈದ್ಯೆಯ ಬಳಿಗೆ ಓಡಿದರು. ದಾರಿಯಲ್ಲಿ ಕ್ಷೌರದಂಗಡಿಯವನು "ಏನು ಟೈಮ್‌ಕೀಪರ್ರೇ, ಅರ್ಜೆಂಟಾ?" ಎಂದು ಕೂಗಿ ಕೇಳಿದ.

ವೈದ್ಯೆ ಸಕ್ಕರೆ ನೀರಿನಲ್ಲಿ ಬೆರಳು ಅದ್ದಿ ಮರಿಯ ಒಸಡಿಗೆ ಸವರಿದಳು, ಮತ್ತೆ ಸವರಿದಳು, ಸೂಜಿ ಚುಚ್ಚಿದಳು. ಎಷ್ಟೋ ಹೊತ್ತಿನ ಮೇಲೆ ಅದು ನಾಲಿಗೆ ಹೊರಹಾಕಿ ಅವಳ ಬೆರಳನ್ನು ನೆಕ್ಕಿತು. "ತಿನ್ನೋಕೆ ಏನು ಕೊಡ್ತಾ ಇದ್ರಿ ಸರ್?" ಎಂದು ಕೇಳಿದಳು. ಹೇಳಿದರು. ಅವಳು ಬೈಯಲಿಲ್ಲ. ಬೈದಿದ್ದರೆ ಉತ್ತರ ಕೊಡಬಹುದಿತ್ತು. ಸುಮ್ಮನೆ ಕೈ ತೊಳೆದುಕೊಂಡು, "ಇದು ಬದುಕಿದ್ದು ನಿಮ್ಮ ಪುಣ್ಯ" ಎಂದಳು.

ಟೈಮ್‌ಕೀಪರರ ಅಭಿಮಾನಕ್ಕೆ ಪೆಟ್ಟು ಬಿದ್ದರೆ ಅವರು ನಿಯಮದ ಮೊರೆ ಹೋಗುತ್ತಿದ್ದರು. ಮುಂದಿನ ಭಾನುವಾರ ಬೆಳಿಗ್ಗೆ ಮಂಚದ ಮೇಲೆ, ಹೆಂಡತಿ ಮಲಗುವ ಕಡೆ, ಹಾಸಿಗೆಯೇ ಒದ್ದೆಯಾಗಿರುವುದು ಕಂಡಿತು. ಮಗಳನ್ನು ಕರೆಸಿದರು. ಗಿರಣಿಯಲ್ಲಿ ಯಾರನ್ನೂ ವಿಚಾರಣೆ ಇಲ್ಲದೆ ತೆಗೆಯುತ್ತಿರಲಿಲ್ಲ. ಆಪಾದನೆ ಓದಬೇಕು, ಆಪಾದಿತನ ಪರವಾಗಿ ಮಾತಾಡಲು ಜೊತೆಗಾರನೊಬ್ಬನಿಗೆ ಅವಕಾಶ ಕೊಡಬೇಕು, ಆಮೇಲೆಯೇ ತೀರ್ಪು. ಅಂಥ ಎಷ್ಟೋ ವಿಚಾರಣೆಗಳಲ್ಲಿ ಸಾಕ್ಷಿ ಹೇಳಿದವರು ಅವರು. ಊಟದ ಮೇಜಿನ ತಲೆಯ ಕಡೆ ಕೂತರು. ಹೆಂಡತಿ ಎದುರಿಗೆ, ಮಡಿಲಲ್ಲಿ ಕಂಡಿಕೆ. ಮಗಳು ಗೋಡೆಗೊರಗಿ ನಿಂತಿದ್ದಳು.

"ಅಪ್ಪಾ, ನಿಜವಾಗ್ಲೂ ಮಾಡ್ತಿದ್ದೀರಾ ಇದನ್ನ? ನನಗೆ ಬಸ್ಸಿದೆ."

"ಪದ್ಧತಿ ಅಂದ್ರೆ ಪದ್ಧತಿ. ಮೊದಲನೇ ಆಪಾದನೆ, ಕುರ್ಚಿಯ ದಿಂಬು. ಎರಡನೇದು, ಅಡುಗೆಮನೆ ಹೊಸ್ತಿಲು. ಮೂರನೇದು, ಇವತ್ತು ಬೆಳಿಗ್ಗೆ, ಹಾಸಿಗೆ. ಇದಲ್ಲದೆ ನನ್ನ ಸಮ್ಮುಖದಲ್ಲೇ ಅನೇಕ ಸಲ."

"ಆಪಾದಿತರು ಈಗ ಟೇಬಲ್ ಬಟ್ಟೆ ತಿಂತಾ ಇದಾರೆ. ಅದನ್ನೂ ಸೇರಿಸ್ಕೊಳ್ಳಿ" ಎಂದಳು ಮಗಳು.

ಟೈಮ್‌ಕೀಪರರು ನಗಲಿಲ್ಲ. ನಿಜ ಹೇಳಬೇಕೆಂದರೆ ಅವರ ಮನಸ್ಸಿನಲ್ಲಿದ್ದದ್ದು ಬೇರೆ. ಮರಿ ಅಂಗೈಯಲ್ಲಿ ಜೋತುಬಿದ್ದ ದಿನದಿಂದ ಅವರಿಗೆ ಸರಿಯಾಗಿ ಅನ್ನ ಇಳಿದಿರಲಿಲ್ಲ. ಹೆಂಡತಿ ಈಗ ಬೇಡಿಕೊಳ್ಳುತ್ತಾಳೆ, ತಾವು ಸ್ವಲ್ಪ ಹೊತ್ತು ಯೋಚಿಸಿದಂತೆ ಮಾಡಿ, ಕೊನೆಯ ಎಚ್ಚರಿಕೆ ಎಂದು ಹೇಳಿ ಉಳಿಸಿಕೊಳ್ಳುವುದು ಎಂದು ಎಲ್ಲ ಲೆಕ್ಕ ಹಾಕಿದ್ದರು. ಉದಾರತೆಯ ಮಾತುಗಳು ನಾಲಿಗೆಯ ತುದಿಯಲ್ಲೇ ಇದ್ದವು.

"ಆಪಾದಿತೆಯ ಪರವಾಗಿ ಏನಾದ್ರೂ ಹೇಳೋದಿದ್ರೆ ಹೇಳಬಹುದು."

ಹೆಂಡತಿ ಮರಿಯ ಕಿವಿಯನ್ನು ಎರಡು ಬೆರಳಲ್ಲಿ ನೀವುತ್ತಿದ್ದರು. ಬಾಯಿ ತೆರೆದರು. ಗಂಡನ ಮುಖ ನೋಡಿದರು. ಅದು ಆಗ ಗಿರಣಿಯ ಎತ್ತರದ ಕುರ್ಚಿಯ ಮೇಲಿನ ಮುಖ.

"ಹೇಳು" ಎಂದರು ಅವರು.

"ಕಳಿಸಿಬಿಡಿ."

"ಅಮ್ಮಾ!"

"ಕಳಿಸಿಬಿಡು ಅಂದ್ನಲ್ಲ. ತಗೊಂಡು ಹೋಗು ಇದನ್ನ. ನನಗೂ ಒರೆಸಿ ಒರೆಸಿ ಸಾಕಾಗಿದೆ." ಆಕೆ ಮರಿಯನ್ನು ಮೇಜಿನ ಮೇಲೆ ಇಟ್ಟು, ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ತೀರ್ಪು ಕೊಡಬೇಕಾದವರ ಬಾಯಿ ತೆರೆದೇ ಇತ್ತು. ಮಗಳು ಅವರನ್ನೇ ದಿಟ್ಟಿಸಿ ನೋಡಿದಳು. "ಖುಷಿ ಆಯ್ತಾ?" ಎಂದು ಕೇಳಿ, ಮರಿಯನ್ನು ಅದೇ ಟವೆಲ್ಲಿನಲ್ಲಿ ಸುತ್ತಿಕೊಂಡು ಇಳಿದುಹೋದಳು. ಅದು ಕನ್ನಡಕದ ಅಂಗಡಿಯಾಕೆಯ ಮನೆಗೆ, ತಾಯಿಯ ಬಳಿಗೆ ವಾಪಸಾಯಿತು.

ಮನೆ ಒಣಗಿತು. ಟೈಮ್‌ಕೀಪರರು ಒಂದೆರಡು ಸಲ "ನೋಡಿದೆಯಾ, ಹೇಗಿದೆ ಈಗ ನೆಲ" ಎಂದರು. ಹೆಂಡತಿ ನೋಡಿದರು. ಮಾತು ಮೊದಲಿಗಿಂತಲೂ ಕಡಿಮೆಯಾಗಿತ್ತು. ನಗಿಸುವವರು ಮನೆಯಲ್ಲಿ ಯಾರೂ ಇರಲಿಲ್ಲ. ಮೂಲೆಯ ಕಾಗದಗಳನ್ನು ಎತ್ತಿಹಾಕಿದವರು ಯಾರು ಎಂಬುದು ಅವರಿಗೆ ತಿಳಿಯಲಿಲ್ಲ. ಒಂದು ದಿನ ನೋಡಿದರೆ ಅಲ್ಲಿ ಬರೀ ನೆಲವಿತ್ತು.

ಹವೆ ಬದಲಾದಾಗ ಆಕೆಗೆ ನೆಗಡಿಯಾಯಿತು. ಒಂದು ಸಂಜೆ ಕಿಟಕಿಯ ಪಕ್ಕ ಕೂತು ಕೆಮ್ಮಿದರು, ಬಿಡದೆ ಕೆಮ್ಮಿದರು, ಆಮೇಲೆ ನೀರು ಕಾಯಿಸಿಕೊಂಡು ಬರುತ್ತೇನೆಂದು ಅಡುಗೆಮನೆಗೆ ಹೋದರು. ನಡೆಯುವಾಗ ಬೆನ್ನು ಗೋಡೆಯ ಕಡೆಗೇ ಇತ್ತು. ಟೈಮ್‌ಕೀಪರರು ಪತ್ರಿಕೆ ತೆಗೆದುಕೊಳ್ಳಲು ಆ ಕುರ್ಚಿಯ ಬಳಿ ಹೋದರೆ ದಿಂಬು ಒದ್ದೆ.

ಅಭ್ಯಾಸಬಲ ನೋಡಿ, ಅವರು ಮೊದಲು ಬಗ್ಗಿ ಮಂಚದ ಅಡಿ ಹುಡುಕಿದರು. ಬೈಯಲು ಬಾಯನ್ನೂ ತೆರೆದಿದ್ದರು. ಬಗ್ಗಿದವರು ಹಾಗೆಯೇ ಉಳಿದರು. ಎದುರಿಗೆ ಮಂಚದ ಕಾಲು ಇತ್ತು, ಅವರ ಮೊಣಕಾಲಿಗಿಂತ ಎತ್ತರದ ಕಾಲು. ಅಡುಗೆಮನೆಯ ಹೊಸ್ತಿಲು ದಾಟಲಾರದೆ ಮುಗ್ಗರಿಸಿ ಬೀಳುತ್ತಿದ್ದ ಮರಿ ಆ ಹಾಸಿಗೆಯ ಮೇಲೆ ಹೇಗೆ ಹತ್ತಿತ್ತು? ಕುರ್ಚಿಯ ಮೇಲೆ ಹೇಗೆ ಹತ್ತಿತ್ತು? ಅರ್ಧಕ್ಕೆ ನಿಂತ ನಗು, ಬಿಟ್ಟ ಚಹಾ, ಹಿಂಡುತ್ತಿದ್ದ ಬಟ್ಟೆ, "ನಾನು ಒರೆಸ್ತೀನಿ, ನೀವು ಹೋಗಿ". ಒಂದೊಂದೇ ಬಂದು ಅವರೆದುರು ಸಾಲಾಗಿ ನಿಂತವು.

ಅಡುಗೆಮನೆಯಿಂದ ಹೆಜ್ಜೆಯ ಸದ್ದು ಬಂತು. ಏನು ಮಾಡಬೇಕೆಂದು ತೋಚಲಿಲ್ಲ. ಜೀವಮಾನದಲ್ಲಿ ಇಷ್ಟು ಬೇಗ ಯಾವ ತೀರ್ಮಾನವನ್ನೂ ಮಾಡಿದವರಲ್ಲ. ಟಕ್ಕನೆ ಎದ್ದು ಆ ಒದ್ದೆ ದಿಂಬಿನ ಮೇಲೆ ಕೂತುಬಿಟ್ಟರು.

ಹೆಂಡತಿ ಲೋಟ ಹಿಡಿದುಕೊಂಡು ಬಂದವರು ಬಾಗಿಲಲ್ಲೇ ನಿಂತರು. ಗಂಡನನ್ನು ನೋಡಿದರು, ಅವರು ಕೂತ ಕುರ್ಚಿಯನ್ನು ನೋಡಿದರು. ಅವರು ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದು ಓದುತ್ತಿದ್ದರು. ತಣ್ಣನೆಯ ತೇವ ಬಟ್ಟೆಯೊಳಗೆ ಇಳಿಯುತ್ತಿತ್ತು. ಆಕೆ ಲೋಟದೊಂದಿಗೆ ಹಿಂದಿರುಗಿ, ಅಡುಗೆಮನೆಯಲ್ಲಿಯೇ ನಿಂತು ಕುಡಿದರು.

ಮರುದಿನ ಟೈಮ್‌ಕೀಪರರು ಕನ್ನಡಕದ ತಿರುಪು ಸಡಿಲವಾಗಿದೆ ಎಂದು ಹೇಳಿ ಹೊರಟರು. ತಿರುಪನ್ನು ಮೆಟ್ಟಿಲ ಮೇಲೆ ನಿಂತು ಉಗುರಿನಿಂದ ತಾವೇ ಸಡಿಲ ಮಾಡಿದ್ದರು. ಮರಿಯನ್ನು ವಾಪಸ್ ಕೇಳಬೇಕು, ಮನೆಗೆ ಕರೆದುಕೊಂಡು ಹೋಗಿ ಹೆಂಡತಿಯ ಮಡಿಲಲ್ಲಿ ಇಡಬೇಕು. ಆಮೇಲೆ ಮನೆಯೆಲ್ಲ ಒದ್ದೆಯಾದರೂ ಯಾರು ಮಾಡಿದರೆಂದು ಕೇಳುವ ಅಗತ್ಯವೇ ಬೀಳುವುದಿಲ್ಲ. ದಾರಿಯುದ್ದಕ್ಕೂ ಇದನ್ನು ಹೇಗೆ ಘನತೆಗೆ ಕುಂದಿಲ್ಲದೆ ಕೇಳುವುದು ಎಂದು ವಾಕ್ಯ ಜೋಡಿಸಿದರು. ಬಾಗಿಲು ತಲುಪುವಾಗ ಘನತೆಯನ್ನು ಬಿಟ್ಟು ಬರೀ ಕೇಳುವುದೆಂದು ತೀರ್ಮಾನಿಸಿದ್ದರು.

ಅಂಗಡಿಯಾಕೆ ತಿರುಪು ಬಿಗಿಮಾಡುತ್ತ, "ಓ, ಆ ಮರಿ ಮನೆಯವರಾ ನೀವು?" ಎಂದು ನಕ್ಕರು. "ಈಗ ನೋಡ್ಬೇಕು ನೀವು ಅದನ್ನ, ತುಂಬಾ ಜಾಣೆ. ಬಂದಾಗಿನಿಂದ ಒಂದು ಸಲಾನೂ ತಪ್ಪಿಲ್ಲ. ಪೇಪರ್ ಬಿಟ್ಟು ಬೇರೆ ಕಡೆ ಮಾಡೋದೇ ಇಲ್ಲ. ಯಾರು ಕಲಿಸಿದ್ದು, ನೀವಾ?"

"ನನ್ನ ಹೆಂಡತಿ."

"ನೋಡಿ, ಇಲ್ಲೇ ಇದೆ" ಎಂದು ಒಳಬಾಗಿಲಿನ ಪರದೆ ಸರಿಸಿದರು. ತಾಯಿನಾಯಿಯ ಪಕ್ಕ ಕಂಡಿಕೆ ಚಿಂದಿಯೊಂದನ್ನು ಕಚ್ಚಿ ಎಳೆದಾಡುತ್ತಿತ್ತು. ಸ್ವಲ್ಪ ದಪ್ಪಗಾಗಿತ್ತು. ಅಪರಿಚಿತರು ಬಂದ ಖುಷಿಗೆ ಬಾಲ ಆಡಿಸುತ್ತ ಓಡಿಬಂತು. ಅರ್ಧ ದಾರಿಯಲ್ಲಿ ಚಪ್ಪಲಿ ಕಂಡಿತು. ಅಲ್ಲಿಯೇ ಕುಸಿಯಿತು. ಹೊಟ್ಟೆ ನೆಲಕ್ಕೆ ಹತ್ತಿತು, ಕಿವಿ ಹಿಂದಕ್ಕೆ ಹೋಯಿತು, ಕೆಳಗಿನಿಂದ ನೀರು ಹರಿದು ಅವರ ಕಾಲಿನ ಕಡೆಗೆ ಬಂತು.

"ಅಯ್ಯೋ! ಇದೇನಾಯ್ತು ಇದಕ್ಕೆ? ಇಷ್ಟು ದಿನ ಒಂದ್ಸಲಾನೂ..." ಅಂಗಡಿಯಾಕೆ ಬಟ್ಟೆ ಹುಡುಕುತ್ತ ಒಳಗೆ ಹೋದರು.

ಟೈಮ್‌ಕೀಪರರು ಬಗ್ಗಿ ಕೈ ಚಾಚಿದರೆ ಮರಿ ಕಣ್ಣು ಮುಚ್ಚಿಕೊಂಡಿತು. ಕೈ ಹಿಂದಕ್ಕೆ ತೆಗೆದುಕೊಂಡರು. ಅಂಗಡಿಯಾಕೆ ಬರುವಷ್ಟರಲ್ಲಿ ಬೀದಿಗೆ ಇಳಿದಿದ್ದರು. ಕನ್ನಡಕ ಅಲ್ಲಿಯೇ ಮರೆತದ್ದು ಮುಂದಿನ ತಿರುವಿನಲ್ಲಿ ಗೊತ್ತಾಯಿತು, ಆದರೆ ವಾಪಸ್ ಹೋಗಲು ಧೈರ್ಯ ಬರಲಿಲ್ಲ.

ಮನೆಯಲ್ಲಿ ಹೆಂಡತಿ ದಿಂಬಿನ ಹೊದಿಕೆ ಒಗೆದು ಕಿಟಕಿಯ ಸರಳಿಗೆ ಹಾಕಿದ್ದರು.

"ಕನ್ನಡಕ ಎಲ್ಲಿ?"

"ರಿಪೇರಿಗೆ ಬಿಟ್ಟೆ."

"ಅಲ್ಲಿಗೇ ಹೋಗಿದ್ರಾ? ನೋಡಿದ್ರಾ ಅದನ್ನ?"

"ಹೂಂ. ದಪ್ಪ ಆಗಿದೆ."

"ಗುರುತು ಹಿಡೀತಾ?"

"ಹಿಡೀತು" ಎಂದರು ಟೈಮ್‌ಕೀಪರರು. ಸುಳ್ಳೇನೂ ಹೇಳಲಿಲ್ಲ. ಆಕೆ ಕೇಳಬಹುದಾದ ಮುಂದಿನ ಪ್ರಶ್ನೆಗೆ ಹೆದರಿ, ಎದ್ದು ನಿಂತು, ಕಿಟಕಿಯ ಸರಳು ಹಿಡಿದು, ಬೀದಿಗೆ ಹೇಳುವ ಹಾಗೆ ಹೇಳಿದರು: "ನಾಳೆ ಆಸ್ಪತ್ರೆಗೆ ಹೋಗೋಣ. ನಿನಗೆ ಆಪರೇಷನ್ ಮಾಡಿದ್ರಲ್ಲ, ಆ ಡಾಕ್ಟರ ಹತ್ತಿರ."

"ಯಾಕೆ? ನನಗೇನಾಗಿದೆ?"

"ನಿನಗಲ್ಲ. ನನಗೆ. ಈಚೆಗೆ... ತಡೆಯೋಕಾಗ್ತಾ ಇಲ್ಲ. ಕೆಮ್ಮಿದ್ರೆ, ನಕ್ಕರೆ. ನಿನ್ನೆ ಕುರ್ಚಿ ಮೇಲೂ ಹಾಗೇ ಆಯ್ತು. ಹೇಳೋಕೆ ನಾಚಿಕೆ."

ಬೀದಿಯಲ್ಲಿ ಯಾರೋ ಸೈಕಲ್ ತಳ್ಳಿಕೊಂಡು ಹೋದರು. ತಿರುಗಿ ನೋಡಲು ಟೈಮ್‌ಕೀಪರರಿಗೆ ಆಗಲಿಲ್ಲ.

"ಅವರು ಹೆಂಗಸರ ಡಾಕ್ಟ್ರು" ಎಂದರು ಹೆಂಡತಿ ಕೊನೆಗೆ. ದನಿ ಒಡೆದಿತ್ತು.

"ಗೊತ್ತು."

"ಎಲ್ಲರೂ ನಗ್ತಾರೆ ನಿಮ್ಮನ್ನ ನೋಡಿ."

"ನಗಲಿ."

ಆಕೆ ಬಂದು ಸರಳಿಗೆ ಹಾಕಿದ್ದ ಹೊದಿಕೆಯನ್ನು ಮುಟ್ಟಿ ನೋಡಿದರು. ಇನ್ನೂ ಒಣಗಿರಲಿಲ್ಲ. ಅದನ್ನು ಮಗ್ಗುಲು ಬದಲಿಸಿ ಹಾಕುತ್ತ, "ಪಾಪ, ಅದು ಒಂದು ದಿನವೂ ಅಲ್ಲಿ ಮಾಡಿರಲಿಲ್ಲ ರೀ" ಎಂದರು. ಮುಂದೆ ಏನನ್ನೋ ಹೇಳಹೊರಟವರು ಅತ್ತುಬಿಟ್ಟರು. ಟೈಮ್‌ಕೀಪರರು ಪಕ್ಕದಲ್ಲೇ ನಿಂತಿದ್ದರು. ಕನ್ನಡಕವಿಲ್ಲದ ಕಣ್ಣಿಗೆ ಎದುರಿನ ಬೀದಿ, ಮನೆಗಳು, ಗಿರಣಿಯ ಚಿಮಣಿ ಎಲ್ಲವೂ ಕಲಸಿಹೋಗಿ ಕಾಣುತ್ತಿದ್ದವು.